ನಾಲ್ಕು ರುಚಿಯ ಪೆಟ್ಟಿಗೆ

ಎಪ್ಪತ್ತೈದರ ಬೇಸಿಗೆ. ತಿಪಟೂರಿನ ಮಧ್ಯಾಹ್ನದ ಬಸ್ಸಿಗೆ ಗಂಡ ಬರುತ್ತಾರೆಂದು ಸರ್ವಮಂಗಳಮ್ಮ ಮುದ್ದೆಗೆ ಎಸರಿಟ್ಟಿದ್ದರು. ಬಂದವನು ಮೈದುನ ಶಂಭುಲಿಂಗಯ್ಯ ಒಬ್ಬನೇ. ಹೊಸಿಲ ಹೊರಗೇ ನಿಂತ.

"ಒಲೆ ಆರ್ಸಿ ಅತ್ತಿಗೆ. ಅಣ್ಣ ಹೆಂಚಿನ ಅಂಗಡಿ ಬೆಂಚಿನ ಮೇಲೆ ಕೂತಿದ್ರು. ನೀರು ಕೇಳಿದ್ರಂತೆ. ತರೋವಷ್ಟರಲ್ಲಿ ಹೋಗಿಬುಟ್ರು."

ಸರ್ವಮಂಗಳಮ್ಮನವರ ಗಂಡ ಪಂಡಿತ ಮರುಳಸಿದ್ದಯ್ಯನವರು ಹಂದನಕೆರೆಯ ಸುತ್ತಿನ ಊರುಗಳಿಗೆಲ್ಲ ನಾಡಿ ನೋಡುವವರು. ಒಬ್ಬಳೇ ಮಗಳು ಗಿರಿಜೆ ಹೆರಿಗೆಯ ನೋವಿನಲ್ಲಿ, ದೂರದ ಆಸ್ಪತ್ರೆ ಮುಟ್ಟುವ ಮುನ್ನ ಗಾಡಿಯಲ್ಲೇ ತೀರಿಕೊಂಡಿದ್ದಳು. ಊರಿನಲ್ಲೇ ಹೆರಿಗೆ ಕೋಣೆಯೊಂದನ್ನು ಕಟ್ಟಿಸುತ್ತೇನೆಂದು ಅಂದೇ ಅವರು ಇಷ್ಟಲಿಂಗದ ಮುಂದೆ ಸಂಕಲ್ಪ ಮಾಡಿದರು. ಗೋಡೆ ಎದ್ದಿತ್ತು, ಚಾವಣಿ ಬಾಕಿಯಿತ್ತು. ಅದರ ಖರ್ಚಿಗೆ ಅವರು ನಂಬಿದ್ದು ಹಿತ್ತಿಲಿನ ತೆಂಗಿನ ನಾರಿನ ರಾಶಿಯಲ್ಲಿ ಹೂತಿಟ್ಟ ನಾಲ್ಕು ಜಾಡಿಗಳನ್ನು. ದ್ರಾಕ್ಷಾಸವ, ದಶಮೂಲಾರಿಷ್ಟ, ಅಶೋಕಾರಿಷ್ಟ, ಕುಮಾರ್ಯಾಸವ: ತಾವಾಗಿಯೇ ಹುದುಗು ಬಂದು ಹದಕ್ಕೆ ಬರುವ, ತುಸು ಅಮಲಿನ ಔಷಧಗಳು.

ಅವರೇ ನೆಟ್ಟ ತೆಂಗಿನ ಸಾಲಿನ ನಡುವೆ, ಕೈಯಲ್ಲಿ ಲಿಂಗವಿಟ್ಟು ಅವರನ್ನು ಸಮಾಧಿಯಲ್ಲಿ ಕೂರಿಸಿ ಬಂದದ್ದಾಯಿತು. ನೆಂಟರು ಹೊರಟ ಮೇಲೆ ಶಂಭುಲಿಂಗಯ್ಯ ಮಾತು ತೆಗೆದ.

"ಜಾಡಿ ತೆಗೆಯೋ ಹದ ಅಣ್ಣಂಗೆ ಗೊತ್ತಿತ್ತು. ಇನ್ನು ಚೆಲ್ಲಿಬುಡೋದೇ ವಾಸಿ."

"ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿದ್ದು ನಾನು ಕಣಪ್ಪ. ಅವರು ಹದ ನೋಡುವಾಗ ದೀಪ ಹಿಡಿತಿದ್ದೋಳೂ ನಾನೇ."

ಮುಂದಿನ ಸೋಮವಾರ ಪೂಜೆ ಮುಗಿಸಿ ಸರ್ವಮಂಗಳಮ್ಮ ಜಾಡಿಗಳ ಮಣ್ಣು ಬಿಡಿಸಿದರು. ಕಿವಿಗೊಟ್ಟರೆ ಒಳಗೆ ಸದ್ದಿಲ್ಲ. ಉರಿಯುವ ಬತ್ತಿಯನ್ನು ಜಾಡಿಯ ಬಾಯೊಳಕ್ಕೆ ಇಳಿಸಿದರು. ಔಷಧ ಇನ್ನೂ ಹುದುಗು ಬರುತ್ತಿದ್ದರೆ ಉರಿ ಆರಿಹೋಗಬೇಕು. ಆರಲಿಲ್ಲ. ನಾಲ್ಕರಲ್ಲೂ ಬತ್ತಿ ನೆಟ್ಟಗೆ ಉರಿಯಿತು. ಒಂದೊಂದು ಹನಿ ನಾಲಿಗೆಗೆ ಹಾಕಿಕೊಂಡು, ಗಂಡನ ಸಮಾಧಿಯಿದ್ದ ತೋಟದ ಕಡೆ ತಿರುಗಿದರು.

"ನಿಮ್ಮ ಕೆಲಸ ಕೆಟ್ಟಿಲ್ಲ ಕಣ್ರೀ," ಎಂದರು.

ಜನ ಕೇಳುವುದು ಸಿಹಿಯಾದ ದ್ರಾಕ್ಷಾಸವವನ್ನೇ, ಉಳಿದದ್ದು ಉಳಿದೇಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಒಂದೊಂದು ಮರದ ಪೆಟ್ಟಿಗೆಯಲ್ಲೂ ನಾಲ್ಕು ಬಗೆಯ ಸೀಸೆಗಳನ್ನು ನಾರಿನ ನಡುವೆ ಒತ್ತಿ ಇಟ್ಟರು. ಪೆಟ್ಟಿಗೆಗಳನ್ನು ಗಾಡಿಗೆ ಹೇರಿಸಿ, ಮೈದುನನನ್ನು ಕರೆದುಕೊಂಡು ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋದರು.

ಕೊಬ್ಬರಿ ಮಾರಲು ಬಂದಿದ್ದ ಹುಚ್ಚಣ್ಣ ಮೊದಲು ಬಗ್ಗಿ ನೋಡಿದ. "ಅಮ್ಮಾವ್ರೆ, ಆ ಸಿಹೀದು ಮಾತ್ರ ಕೊಡಿ. ಕಹೀದು ನಮ್ಮನೇಲಿ ಹೆಂಡ್ತಿ ಬಾಯಲ್ಲೇ ಸಿಕ್ತದೆ."

"ಅದಕ್ಕೂ ಇದರಲ್ಲಿ ಔಷಧ ಐತೆ ಕಣಪ್ಪ. ಕುಡೀಬೇಕಾದೋನು ನೀನು. ಬಿಡಿಸಿ ಕೊಡಾಕಿಲ್ಲ."

ಸುತ್ತಲಿದ್ದವರು ನಕ್ಕರು. ಹುಚ್ಚಣ್ಣ ಅಭ್ಯಾಸಬಲದಿಂದ ಕೈಮೇಲೆ ಟವಲು ಹೊದೆಸಿದ. ಅಲ್ಲಿ ವ್ಯಾಪಾರ ನಡೆಯುವುದೇ ಟವಲಿನ ಕೆಳಗೆ ಬೆರಳು ಹಿಡಿದು. ಎದುರಿಗಿರುವುದು ಹೆಂಗಸೆಂದು ನೆನಪಾಗಿ ನಾಚಿ ಕೈ ಎಳೆದುಕೊಂಡ.

"ಟವಲು ತೆಗಿ. ಇದನ್ನ ದುಡ್ಡಿಗೆ ಕೊಡಾಕಿಲ್ಲ. ಹೆರಿಗೆ ಕೋಣೆಗೆ ಏನು ಬೇಕೋ ಅದೇ ಬೆಲೆ. ನೀನು ಚಾವಣಿಗೆ ಒಂದು ತೊಲೆ ಕೊಡು."

ಹಿಂದಿನಿಂದ ಯಾರೋ ಅಂದರು: "ಸಾವಾದ ಮನೇದು. ಮೈಲಿಗೇಲಿ ಯಾರು ಕುಡೀತಾರೆ?"

ಪೆಟ್ಟಿಗೆ ಮುಟ್ಟಿದ್ದ ಕೈಗಳೆಲ್ಲ ಹಿಂದಕ್ಕೆ ಹೋದವು. ಶಂಭುಲಿಂಗಯ್ಯ ತಲೆ ತಗ್ಗಿಸಿದ. ಸರ್ವಮಂಗಳಮ್ಮ ತಗ್ಗಿಸಲಿಲ್ಲ.

"ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂದ್ರೆ ಮಠದಲ್ಲಿ ಕೂತು ತಲೆದೂಗ್ತೀರಿ. ಇಲ್ಲಿ ಯಾಕಪ್ಪ ಮರೀತೀರಿ?"

ಅಷ್ಟರಲ್ಲಿ ಹೆಂಚಿನ ಅಂಗಡಿಯ ವೀರಭದ್ರಯ್ಯ ಗುಂಪು ಸರಿಸಿಕೊಂಡು ಮುಂದೆ ಬಂದ.

"ಪಂಡಿತ್ರು ಪ್ರಾಣ ಬಿಟ್ಟಿದ್ದು ನಮ್ಮ ಬೆಂಚಿನ ಮೇಲೆ. ಅವತ್ತಿಂದ ದಿನಾ ಅದರ ಮೇಲೇ ಕೂತು ಬುತ್ತಿ ಉಣ್ತಾ ಇದೀನಿ. ನನಗೇನಾಗೈತೆ, ನೋಡ್ರಲಾ." ಪೆಟ್ಟಿಗೆಯೊಂದನ್ನು ಹೆಗಲಿಗೇರಿಸಿದ. "ಹೆಂಚು ಪೂರ್ತಿ ನಂದು, ತಾಯಿ."

"ತೊಲೆ ನಂದು. ನಾನು ಮೊದಲೇ ಹೇಳಿದ್ದೆ," ಎಂದ ಹುಚ್ಚಣ್ಣ.

"ಹೇಳಿದ್ದು ನಾನು," ಎಂದರು ಸರ್ವಮಂಗಳಮ್ಮ.

ಆಮೇಲೆ ತಡೆಯಿರಲಿಲ್ಲ. ಒಬ್ಬ ಬಾಗಿಲಿಗೆ ಒಪ್ಪಿದ, ಒಬ್ಬ ಸುಣ್ಣಕ್ಕೆ, ಇನ್ನೊಬ್ಬ ಮಂಚಕ್ಕೆ. ಪೆಟ್ಟಿಗೆ ಮುಗಿಯುತ್ತ ಬಂದಾಗ, ಚೆಲ್ಲಿಬುಡೋಣ ಎಂದಿದ್ದ ಶಂಭುಲಿಂಗಯ್ಯನೇ ಅಡ್ಡ ಬಂದ.

"ನನಗೂ ಒಂದು ಉಳಿಸಿ ಅತ್ತಿಗೆ."

"ಸೂರು ಏರಿ ಹೆಂಚು ಹೊದಿಸು, ಕೊಡ್ತೀನಿ."

ಹೊದಿಸಿದ. ಹೆಂಚು, ತೊಲೆ ಹೇರಿದ ಗಾಡಿಗಳು ಹಂದನಕೆರೆಯ ದಾರಿಯಲ್ಲಿ ಒಂದರ ಹಿಂದೊಂದು ಬಂದಾಗ ಊರಿಗೆ ಊರೇ ಎದುರುಗೊಂಡಿತು. ಮುಂಗಾರಿಗೆ ಮೊದಲೇ ಚಾವಣಿ ಮುಚ್ಚಿತು. ಸರ್ಕಾರದಿಂದ ನರ್ಸಮ್ಮ ಬಂದರು.

ಹೊಸ ಹೆಂಚಿನ ಮೇಲೆ ಮಳೆ ಬೀಳುತ್ತಿದ್ದ ಒಂದು ಬೆಳಗ್ಗೆ ಕೂಲಿಯ ಅಂಕಮ್ಮ ಅಲ್ಲಿ ಹೆಣ್ಣುಮಗು ಹೆತ್ತಳು. ಬಾಣಂತಿಗೆಂದು ತೆಗೆದಿಟ್ಟಿದ್ದ ದಶಮೂಲಾರಿಷ್ಟವನ್ನು ಸರ್ವಮಂಗಳಮ್ಮ ತಾವೇ ಚಮಚದಲ್ಲಿ ಕುಡಿಸಿದರು. ಮಗುವಿನ ಅಳು ರಸ್ತೆಯವರೆಗೂ ಕೇಳುತ್ತಿತ್ತು. ಅದನ್ನು ಕೇಳಿಸಿಕೊಳ್ಳುತ್ತಲೇ ನೆನೆದ ಸೆರಗಿನಲ್ಲಿ ತೋಟಕ್ಕೆ ನಡೆದು, ಸಮಾಧಿಯ ಮೇಲೆ ಬಿಲ್ವಪತ್ರೆ ಇಟ್ಟು ಕೈಮುಗಿದರು.

"ಶಿವನೇ, ಮಗಳನ್ನ ನೆನೆದು ನೆನೆದು ನಿದ್ದೆಗೆಟ್ಟ ಜೀವ ಇವರದು. ಹಿಡಿದ ಕೆಲಸ ಮುಗೀತು. ಇನ್ನು ನಿನ್ನ ಪಾದದ ಹತ್ರ ನೆಮ್ಮದಿಯಾಗಿ ಕೂತಿರಲಿ. ಶಾಂತಿ ಕೊಡು, ತಂದೆ."