ಬೆಳಗ್ಗೆ ಮಾತ್ರ ತಪ್ಪುವ ಯಂತ್ರ

“ಸ್ವಲ್ಪ ತಡ್ಕೊಳ್ಳಿ, ಮೇಡಂ. ನಿಮ್ಮ ಕೆಮ್ಮು ಕೇಳಿದ್ರೆ ಅವನು ಈ ಕಡೆ ತಲೆ ಹಾಕಲ್ಲ,” ಎಂದು ಸೆಕ್ರೆಟರಿ ಗೆಂಗ್ ಪಿಸುಗುಟ್ಟಿದ.

ಬೀಜಿಂಗಿನ ಪತ್ರಿಕಾ ಮುದ್ರಣಾಲಯದ ಕಾರಿಡಾರಿನಲ್ಲಿ, ಕಾಗದದ ದೊಡ್ಡ ಉರುಳೆಗಳ ಹಿಂದೆ ನಿಂತು ಪಾನ್ ಯುವೆಹುವಾ ಅಂಗೈಯನ್ನು ಬಾಯಿಗೆ ಒತ್ತಿಕೊಂಡಳು. ಆಗತಾನೇ ಬೆಳಕು ಹರಿದಿತ್ತು. ಪಕ್ಷದ ಸೆಕ್ರೆಟರಿಯನ್ನು ಸಾಕ್ಷಿಗೆಂದು ಕರೆತಂದವಳು ಅವಳೇ.

ಸಾವಿರಾರು ಚೀನೀ ಅಕ್ಷರಗಳನ್ನು ತುಂಬಿಕೊಳ್ಳುವಷ್ಟು ಜಾಗ ತಮ್ಮ ಕಂಪ್ಯೂಟರುಗಳಲ್ಲಿ ಇಲ್ಲವೆಂದು ಬಲ್ಲವರೆಲ್ಲ ಕೈಚೆಲ್ಲಿದ್ದಾಗ, ಕಾಯಿಲೆಯ ರಜೆಯಲ್ಲಿ ಹಾಸಿಗೆ ಹಿಡಿದಿದ್ದ ಇವಳು ಇಡೀ ಅಕ್ಷರದ ಬದಲು ಅದರ ಗೆರೆಗಳ ಅಂಚನ್ನಷ್ಟೇ ಲೆಕ್ಕಕ್ಕಿಳಿಸಿ ದಾರಿ ಕಂಡುಕೊಂಡಿದ್ದಳು. ಪತ್ರಿಕೆಯ ಪುಟಕ್ಕೆ ಅಕ್ಷರ ಜೋಡಿಸುವ ಅವಳ ಯಂತ್ರ ಈಗ ಇಲ್ಲಿ ಪರೀಕ್ಷೆಗೆ ನಿಂತಿತ್ತು. ನಾಳೆ ಬೆಳಗ್ಗೆ ಸಚಿವಾಲಯದವರು ಬರುವವರಿದ್ದರು. ಪುಟ ಸರಿಯಾಗಿ ಮೂಡದಿದ್ದರೆ ವಿದೇಶಿ ಯಂತ್ರ ತರಿಸುತ್ತಾರೆ, ಇವಳದು ಗುಜರಿಗೆ. ಹಾಳಾದ್ದು, ಮಧ್ಯಾಹ್ನ ಅಚ್ಚುಕಟ್ಟಾಗಿ ಓಡುವ ಯಂತ್ರ ಬೆಳಗ್ಗೆ ಮಾತ್ರ ಕೈಕೊಡುತ್ತಿತ್ತು. ಸುದ್ದಿಯನ್ನು ತೂತುಗಳಾಗಿ ಕೊರೆದಿಟ್ಟ ಕಾಗದದ ಪಟ್ಟಿಯನ್ನು ಓದುವಾಗಲೇ ತಡವರಿಸಿ, ಕೈಕಾಲು ಮುರಿದ ಅಕ್ಷರಗಳನ್ನು ಉಗುಳುತ್ತಿತ್ತು.

ಯಾರೋ ಕೈಯಾಡಿಸುತ್ತಿದ್ದಾರೆ. ಯಾರೋ ಏನು ಬಂತು, ಚೂ ಮೇಸ್ತ್ರಿಯೇ ಇರಬೇಕು. ಪಕ್ಕದಲ್ಲಿ ಸೀಸದ ಅಚ್ಚಿನ ಮೊಳೆಗಳನ್ನು ಕೈಯಿಂದ ಜೋಡಿಸುವ ಕೋಣೆಗೆ ಅವನೇ ಯಜಮಾನ. ಯಂತ್ರ ಬಂದಿಳಿದ ದಿನವೇ, “ಇನ್ನೇನು ಮೇಡಂ, ನಮ್ಮ ಸೀಸ ಕರಗಿಸಿ ಮೀನಿನ ಗಾಳಕ್ಕೆ ಗುಂಡು ಮಾಡ್ಕೊಳ್ಳೋದೇ,” ಎಂದು ನಕ್ಕಿದ್ದ. ಆ ನಗು ಅವಳಿಗೆ ಹಿಡಿಸಿರಲಿಲ್ಲ. ಹಿಂದೆ ಕೆಂಪು ತೋಳುಪಟ್ಟಿ ಕಟ್ಟಿದ ಹುಡುಗರು ಮನೆಮನೆಯಲ್ಲೂ ದ್ರೋಹಿಗಳನ್ನು ಹುಡುಕುತ್ತಿದ್ದ ಕಾಲದಲ್ಲಿ, ದಿನಾ ನಗುನಗುತ್ತ ಚಹಾಕ್ಕೆ ಬಿಸಿನೀರು ತಂದುಕೊಡುತ್ತಿದ್ದ ಸಹೋದ್ಯೋಗಿಯೇ, ಇವಳು ವಿದೇಶಿ ರೇಡಿಯೋ ಕೇಳುತ್ತಾಳೆಂದು ಚಾಡಿ ಹೇಳಿದ್ದಳು. ಅಂದಿನಿಂದ ನಗುವವರನ್ನು ಕಂಡರೆ ಅವಳಿಗೆ ಭಯ. ಮೇಸ್ತ್ರಿ ಎಲ್ಲರಿಗಿಂತ ಮೊದಲೇ ಬಂದು ಯಂತ್ರದ ಕೋಣೆ ಹೊಗುತ್ತಾನೆಂದು ಕಾವಲಿನವನು ಹೇಳಿದ ಮೇಲಂತೂ ಅನುಮಾನ ಗಟ್ಟಿಯಾಯಿತು.

ಬಾಗಿಲು ಕಿರುಗುಟ್ಟಿತು. ಮೇಸ್ತ್ರಿ ಒಳಗೆ ಹೋದ. ನೀರು ಚೆಲ್ಲಿದ ಸದ್ದು ಕೇಳಿದ್ದೇ ತಡ, ಗೆಂಗ್ ದಡಬಡನೆ ನುಗ್ಗಿದ. ಹಿಂದೆಯೇ ಅವಳೂ ಹೋದಳು.

ಮೇಸ್ತ್ರಿ ಕೋಲಿಗೆ ಕಟ್ಟಿದ ಒದ್ದೆ ಬಟ್ಟೆಯಿಂದ ಯಂತ್ರದ ಸುತ್ತ ನೆಲ ಒರೆಸುತ್ತಿದ್ದ. ಪಟ್ಟಿಯ ಸುರುಳಿಗಳನ್ನಿಟ್ಟ ಕೆಳಗಿನ ಹಲಗೆಯವರೆಗೂ ನೀರು ಹರಿದಿತ್ತು.

“ಸಿಕ್ಕಿಬಿದ್ದೆಯಲ್ಲ,” ಎಂದ ಗೆಂಗ್. “ಏನ್ ಮಾಡ್ತಿದೀಯ?”

“ಕಾಣಲ್ವಾ ಕಾಮ್ರೇಡ್, ನೆಲ ಒರೆಸ್ತಿದೀನಿ. ನಮ್ಮ ಕೋಣೇಲಿ ದಿನಾ ಹೀಗೇ. ನೆಲ ಒದ್ದೆಯಾಗಿರದಿದ್ರೆ ಸೀಸದ ಧೂಳು ಎದ್ದು ಎದೆ ಸೇರುತ್ತೆ. ಆ ಧೂಳು ಈ ಕಡೇನೂ ಬರುತ್ತಲ್ಲ. ಮೇಡಂ ಕೆಮ್ಮೋದು ಗೋಡೆಯಾಚೆ ಕೇಳ್ಸುತ್ತೆ. ಅದಕ್ಕೇ ಅವ್ರು ಬರೋಷ್ಟರಲ್ಲಿ ಒರೆಸಿ ಹೋಗ್ತೀನಿ.”

ಯುವೆಹುವಾ ಬಗ್ಗಿ ಒಂದು ಸುರುಳಿ ಮುಟ್ಟಿದಳು. ಹಪ್ಪಳದಂತಿರಬೇಕಾದ ಕಾಗದ ಮೆತ್ತಗಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಒಣಗುತ್ತದೆ, ಆಮೇಲೆ ಯಂತ್ರ ಸರಿಯಾಗಿ ಓದುತ್ತದೆ. ಕಳ್ಳನನ್ನು ಹುಡುಕುವ ಭರದಲ್ಲಿ ಅವಳು ಕಾರಣ ಹುಡುಕುವುದನ್ನೇ ಬಿಟ್ಟಿದ್ದಳು.

“ಕಥೆ ಚೆನ್ನಾಗಿದೆ,” ಎಂದ ಗೆಂಗ್. “ಮೇಡಂ, ಇದು ಬೇಕಂತ ಮಾಡಿದ್ದು ಅಂತ ನೀವೇ ಹೇಳಿದ್ರಿ. ಈಗ್ಲೂ ಅಷ್ಟೇ ಹೇಳಿ, ಸಾಕು. ನಾಳಿನ ಪರೀಕ್ಷೆ ಮುಂದಕ್ಕೆ ಹಾಕಿಸ್ತೀನಿ. ಇಲ್ಲಾಂದ್ರೆ, ನೆಲ ಒರೆಸಿದ್ರೂ ನಿಮ್ಮ ಯಂತ್ರಕ್ಕೆ ನೆಗಡಿಯಾಗುತ್ತೆ ಅಂತ ಮೇಲಿನವರಿಗೆ ಬರೀಬೇಕಾಗುತ್ತೆ.”

ಒಂದೇ ಮಾತು. ಮೇಸ್ತ್ರಿಯನ್ನು ಎಲ್ಲಿಗೋ ಕಳಿಸುತ್ತಾರೆ, ಯಂತ್ರ ಉಳಿಯುತ್ತದೆ. ಅವಳಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು.

“ಬರೀರಿ,” ಎಂದಳು. “ಪಟ್ಟಿಗೆ ತೇವ ತಾಗಬಾರ್ದು ಅಂತ ನಾನು ಯಾರಿಗೂ ಹೇಳಿರ್ಲಿಲ್ಲ. ತಪ್ಪು ನಂದು.”

ಗೆಂಗ್ ಒಮ್ಮೆ ಅವಳನ್ನು, ಒಮ್ಮೆ ಮೇಸ್ತ್ರಿಯನ್ನು ನೋಡಿದ. “ನಿಮ್ಮಿಬ್ರದೂ ಮೊದಲೇ ಮಾತಾಗಿತ್ತೋ ಏನೋ,” ಎಂದು ಗೊಣಗುತ್ತ ಹೊರಟುಹೋದ.

ಮೇಸ್ತ್ರಿಯ ಮುಖದಲ್ಲಿ ನಗುವಿರಲಿಲ್ಲ. “ನನ್ನ ಹಿಡಿಯೋಕೆ ಅವ್ರನ್ನ ಕರ್ಕೊಂಡು ಬಂದಿದ್ರಾ, ಮೇಡಂ?”

“ಹೌದು.”

“ನನ್ನನ್ನೇ ಕೇಳಿದ್ರೆ ಹೇಳ್ತಿದ್ದೆ.”

ಅವಳು ಸುರುಳಿಗಳನ್ನು ಒಂದೊಂದಾಗಿ ಬಿಚ್ಚಿ, ಕಿಟಕಿಯಿಂದ ಬಾಗಿಲವರೆಗೆ ಎಳೆದ ತಂತಿಯ ಮೇಲೆ ಹರವತೊಡಗಿದಳು. ಮೇಸ್ತ್ರಿ ಒಣಬಟ್ಟೆ ಹುಡುಕಿ, ಯಂತ್ರದ ಅಡಿಯ ನೀರನ್ನೆಲ್ಲ ಎಳೆದು ತೆಗೆದ. ಆಮೇಲೆ ಬಕೆಟ್ ಎತ್ತಿಕೊಂಡು, ಇಳಿಬಿದ್ದ ಪಟ್ಟಿಗಳಿಗೆ ಮೈ ತಾಗದಂತೆ ಬಗ್ಗಿ, ಅವಳ ಮುಖ ನೋಡದೆ ದಾಟಿ ಹೋದ.