ಹರಿಪ್ರಿಯಾ ಕೇಳದೆ ಬಿಟ್ಟದ್ದು

ತಂಗಿ ಹರಿಪ್ರಿಯಾಳ ಸುದ್ದಿ ಬಂದ ದಿನ ಜಯಂತಿಯಮ್ಮ ಅಮೆರಿಕದ ಸ್ಯಾನ್ ಹೊಸೆಯಲ್ಲಿರುವ ಮಗನ ಮನೆಯಲ್ಲಿ ಪತ್ರೊಡೆಗೆ ಅಕ್ಕಿ ರುಬ್ಬುತ್ತಿದ್ದರು. ಕೆಸುವಿನೆಲೆ ಸಿಕ್ಕಿದ್ದೇ ಅಪರೂಪ. ಭಾನುವಾರ ತಂಗಿ ಬರುತ್ತಾಳೆಂದು ತರಿಸಿಟ್ಟದ್ದು. ಮಿಕ್ಸಿಯ ಗದ್ದಲದಲ್ಲಿ ಫೋನು ಕೇಳಿಸಲಿಲ್ಲ. ಮಿಕ್ಸಿ ನಿಲ್ಲಿಸಿ ನೋಡಿದರೆ ತಂಗಿಯ ಗಂಡ ತಿರುಮಲೇಶ ಮತ್ತೆ ಮತ್ತೆ ಕರೆದಿದ್ದಾನೆ.

"ಅಕ್ಕ, ಪ್ರಿಯಾ ಆಫೀಸಲ್ಲಿ ಬಿದ್ಬಿಟ್ಲು. ಮೀಟಿಂಗಿನಲ್ಲಿ ಕೂತಿದ್ದವಳು ಹಾಗೇ... ಆಯ್ತು ಅಕ್ಕ. ಎಲ್ಲಾ ಆಯ್ತು."

"ಎಂತ ಆಯ್ತು? ಸರಿಯಾಗಿ ಹೇಳಿ."

ತಿರುಮಲೇಶ ಹೇಳಲಿಲ್ಲ. ಜಯಂತಿಯಮ್ಮನೂ ಮತ್ತೆ ಕೇಳಲಿಲ್ಲ. ಹೇಳಬೇಕಾದ ಆ ಒಂದು ಮಾತನ್ನು ಅಂದು ಇಬ್ಬರೂ ಬಾಯಿಗೆ ತರಲಿಲ್ಲ. ಅಪರಕರ್ಮಗಳು ನಡೆದವು, ವೈಕುಂಠ ಸಮಾರಾಧನೆ ಆಯಿತು, ಬಂದವರು ಉಂಡು ಹೋದರು. ಆಮೇಲೂ ಆ ಮನೆಯಲ್ಲಿ ಯಾರೂ ಅದನ್ನು ನುಡಿಯಲಿಲ್ಲ. "ಪ್ರಿಯಾ ಇದ್ದಾಗ" ಎನ್ನುವರು, ಅಲ್ಲಿಗೆ ನಿಲ್ಲಿಸುವರು.

ಅಕ್ಕತಂಗಿಯರು ಉಡುಪಿಯವರು. ಅಕ್ಕ ಅಲ್ಲಿಯೇ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಿಯಾದ ಮೇಲೆ ಮಗನಲ್ಲಿಗೆ ಬಂದಿದ್ದರು. ವಯಸ್ಸಿನಲ್ಲಿ ಬಹಳ ಕಿರಿಯಳಾದ ತಂಗಿ ಇಂಗ್ಲೆಂಡಿನ ಒಂದು ಔಷಧ ಕಂಪನಿಯಲ್ಲಿ ಬಹುಕಾಲ ದುಡಿದು, ಈಚೆಗೆ ಸ್ಯಾನ್ ಹೊಸೆಗೆ ಹತ್ತಿರದ ಫಾಸ್ಟರ್ ಸಿಟಿಗೆ ವರ್ಗವಾಗಿ ಬಂದಿದ್ದಳು. ಇಳಿವಯಸ್ಸಿನಲ್ಲಿ ಹತ್ತಿರ ಹತ್ತಿರದವರಾದೆವಲ್ಲ ಎಂದು ಅಕ್ಕನಿಗೆ ಹಿಗ್ಗು. ಭಾನುವಾರ ಸಂಜೆ ತಂಗಿಯ ಮನೆಯ ಹಿಂದೆ ಹಿನ್ನೀರು ನಿಂತ ಲಗೂನಿನ ದಂಡೆಯಲ್ಲಿ ಇಬ್ಬರೂ ತುಳುವಿನಲ್ಲಿ ಹರಟುತ್ತ, ನಡುನಡುವೆ ಕನ್ನಡಕ್ಕೆ ಜಾರುತ್ತ ನಡೆಯುವರು.

ಹಾಗೆ ನಡೆಯುವಾಗಲೇ ಒಂದು ಸಂಜೆ ಹರಿಪ್ರಿಯಾ, "ಅಕ್ಕ, ಇಂಗ್ಲೆಂಡಿನಲ್ಲಿ ನನ್ನದೊಂದು ಕೆಲಸ ಉಳಿದುಹೋಗಿದೆ," ಎಂದಿದ್ದಳು.

ಅವಳು ಬಿಡಿಸಿ ಹೇಳಿದ್ದು ಇಷ್ಟು. ಅಲ್ಲಿ ಅವಳ ಸಂಬಳದಿಂದ ತಿಂಗಳು ತಿಂಗಳು ಪೆನ್ಷನ್ನಿಗೆ ಹಣ ಹೋಗುತ್ತಿತ್ತು. ಹಾಗೆ ಕಟ್ಟಿದ ಹಣಕ್ಕೆ ತೆರಿಗೆಯ ವಿನಾಯಿತಿ ಉಂಟು. ಸಾಮಾನ್ಯ ದರದ ವಿನಾಯಿತಿ ತಾನಾಗಿ ಪೆನ್ಷನ್ನಿಗೆ ಸೇರುತ್ತದೆ. ಆದರೆ ದೊಡ್ಡ ಸಂಬಳದವರು ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟಿರುತ್ತಾರಲ್ಲ, ಆ ಹೆಚ್ಚಿನ ಪಾಲನ್ನು ಅವರೇ ಬಾಯಿಬಿಟ್ಟು ಕೇಳಬೇಕು. ಕೇಳದವರಿಗೆ ಇಲ್ಲ. ಅದೂ ನಾಲ್ಕು ವರ್ಷ ಹಿಂದಿನದರ ತನಕ ಮಾತ್ರ. ಪ್ರತಿ ಏಪ್ರಿಲ್ ಮೊದಲ ವಾರಕ್ಕೆ ಹಳೆಯದೊಂದು ವರ್ಷ ಕೈಬಿಟ್ಟು ಹೋಗುತ್ತದೆ.

"ಕೇಳಿದರೆ ಕೊಡ್ತಾರಂತಾದರೆ ಕೇಳ್ಲಿಕ್ಕೆ ನಿನಗೆ ಎಂತ ರೋಗ ಮಾರಾಯ್ತಿ?"

"ನಾನು ಕಟ್ಟಿದ್ದಕ್ಕೆಲ್ಲ ಪೆನ್ಷನ್ ಕಂಪನಿಯಿಂದ ಒಂದು ಸ್ಟೇಟ್‌ಮೆಂಟು ತರಿಸ್ಬೇಕು ಅಕ್ಕ. ಅವರಿಗೆ ಫೋನ್ ಮಾಡಿದ್ರೆ ಹಾಡು ಹಾಕಿ ಕಾಯಿಸ್ತಾರೆ. ಆ ಹಾಡು ಕೇಳುವುದೇ ರೋಗ!" ನಕ್ಕವಳು ಆಮೇಲೆ ದನಿ ತಗ್ಗಿಸಿ, "ಬಂದದ್ದಷ್ಟೂ ಅಮ್ಮನ ಹೆಸರಲ್ಲಿ ಅನ್ನದಾನಕ್ಕೆ ಅಂತ ಕೃಷ್ಣನಿಗೆ ಹೇಳಿಕೊಂಡಿದ್ದೇನೆ," ಎಂದಳು.

ಹೇಳಿಕೊಂಡ ಹರಕೆ ತೀರಿಸದೆ ಹೋದ ಜೀವ ಹೊಸ್ತಿಲಲ್ಲೇ ನಿಂತಿರುತ್ತದೆಂದು ಜಯಂತಿಯಮ್ಮ ಚಿಕ್ಕಂದಿನಿಂದ ನಂಬಿದವರು. ತಂಗಿಯ ಮಾಸಿಕದ ದಿನ ಬಂದಾಗಲೆಲ್ಲ ಅದೇ ಯೋಚನೆ. ಮಾರ್ಚಿ ಬರುತ್ತಲೇ ಅವರು ತಡೆಯಲಾರದೆ ಫಾಸ್ಟರ್ ಸಿಟಿಗೆ ಹೋಗಿ ತಿರುಮಲೇಶನ ಮುಂದೆ ಕುಳಿತರು.

"ಅವಳ ಪರವಾಗಿ ನಾವು ಕೇಳ್ಲಿಕ್ಕಾಗುತ್ತದಾ?"

"ಆಗತ್ತೆ ಅಕ್ಕ, ವಿಚಾರಿಸಿದ್ದೀನಿ. ಆದ್ರೆ ಮೊದಲು ಆ ಪೆನ್ಷನ್ ಕಂಪನಿಗೆ ಫೋನ್ ಮಾಡಿ ಆ ಮಾತು ಹೇಳ್ಬೇಕು." ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. "ನನ್ನ ಕೈಲಿ ಆಗಲ್ಲ. ನೀವು ಟೀಚರ್ ಆಗಿದ್ದೋರು, ನೀವೇ ಮಾತಾಡಿ. ಎಲ್ಲಿ ಬೇಕೋ ಅಲ್ಲಿ ಸೈನ್ ಹಾಕ್ತೀನಿ."

ಮರುದಿನ ಗುರುವಾರ. ಇಂಗ್ಲೆಂಡಿನಲ್ಲಿ ಕಚೇರಿ ಮುಚ್ಚುವುದರೊಳಗೆ ಮಾತಾಡಬೇಕಾದರೆ ಇಲ್ಲಿ ಬೆಳಗ್ಗೆಯೇ ಕೂರಬೇಕು. ರಾತ್ರಿ ಅಲ್ಲಿಯೇ ಉಳಿದಿದ್ದ ಜಯಂತಿಯಮ್ಮ ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ, ತಂಗಿ ಕೆಲಸ ಮಾಡುತ್ತಿದ್ದ ಕೋಣೆಗೆ ಹೋದರು. ಕಿಟಕಿಯಾಚೆ ಮಂಜು ಲಗೂನನ್ನು ನುಂಗಿಬಿಟ್ಟಿತ್ತು. ಎದುರು ದಂಡೆಯ ಮನೆಗಳೇ ಇರಲಿಲ್ಲ. ಮೇಜಿನ ಮೇಲೆ ಹರಿಪ್ರಿಯಾಳ ಫೋನು ಈಗಲೂ ಚಾರ್ಜಿಗೆ ಕೂತಿತ್ತು. ಯಾರು ಹಾಕುತ್ತಾರೋ. ಅದನ್ನು ಮುಟ್ಟದೆ ತಮ್ಮ ಫೋನಿನಿಂದಲೇ ಕರೆದರು.

ಯಂತ್ರವೊಂದು ಮಾತಾಡಿತು. ಖಾತೆಯ ಅಂಕಿ ಒತ್ತಿ ಎಂದಿತು. ತಿರುಮಲೇಶ ಬರೆದುಕೊಟ್ಟದ್ದನ್ನು ಒತ್ತಿದರು. ಈಗ ನಾನು ಹೇಳುವ ವಾಕ್ಯವನ್ನು ಹಾಗೆಯೇ ಹೇಳಿ, ನಿಮ್ಮ ದನಿಯಿಂದ ನಿಮ್ಮನ್ನು ಗುರುತಿಸುತ್ತೇನೆ ಎಂದಿತು. ನಾನು ಹೇಳಿದ ಹಾಗೆ ಹೇಳಿ ಎಂದು ಮಕ್ಕಳಿಗೆ ಜೀವಮಾನವಿಡೀ ಹೇಳಿದವರು ಅವರು. ಬೇರೆಯವರು ಹಾಗೆಂದಾಗ ಯೋಚಿಸುವ ಮೊದಲೇ ಹೇಳಿಬಿಟ್ಟರು.

ಆಮೇಲೆ ಯಂತ್ರ ನುಡಿಯಿತು: "ಧನ್ಯವಾದ, ಹರಿಪ್ರಿಯಾ."

ಅಕ್ಕತಂಗಿಯರದು ಒಂದೇ ಗಂಟಲು ಎಂದು ಊರೆಲ್ಲ ಹೇಳುತ್ತಿದ್ದದ್ದು ನಿಜ. ಹಿತ್ತಿಲಿನಿಂದ ಕೂಗಿದರೆ ಹೆತ್ತಮ್ಮನಿಗೇ ಯಾರೆಂದು ತಿಳಿಯುತ್ತಿರಲಿಲ್ಲ. ಆದರೂ ತನ್ನ ಬಾಯಿಂದ ಹೊರಟ ಮಾತಿಗೆ ತಂಗಿಯ ಹೆಸರು ತಿರುಗಿ ಬರುವುದೆಂದರೆ!

ಅಲ್ಲ, ನಾನಲ್ಲ ಎನ್ನುವಷ್ಟರಲ್ಲಿ ಯಂತ್ರ ಹೋಗಿ ಒಬ್ಬ ಹುಡುಗಿ ಬಂದಳು. "ಗುಡ್ ಆಫ್ಟರ್‌ನೂನ್ ಹರಿಪ್ರಿಯಾ! ಮಂಗಳವಾರವೂ ನಿಮಗೆ ನಾನೇ ಸಿಕ್ಕಿದ್ದೆ, ನೆನಪಿದೆಯೇ? ಅಂದು ನಿಮ್ಮ ದನಿ ಬಹಳ ಬಳಲಿತ್ತು. ಈಗ ಹೇಗಿದ್ದೀರಿ?"

ಜಯಂತಿಯಮ್ಮ ಮೇಜಿನ ಮೇಲಿದ್ದ ತಂಗಿಯ ಫೋನಿನ ಕಡೆ ನೋಡಿದರು.

"ಸ್ಟೇಟ್‌ಮೆಂಟು ತಯಾರಾಗಿ ಎಷ್ಟೋ ದಿನವಾಯಿತು. ಈಗಲೇ ಕಳಿಸಬೇಡಿ, ಮುಂದಿನ ವಾರ ಮತ್ತೆ ಕರೆಯುತ್ತೇನೆ ಎಂದು ನೀವೇ ಪ್ರತಿ ಸಲ ಹೇಳುತ್ತೀರಿ. ಡಿಸೆಂಬರಿನಿಂದ ಹೀಗೇ ನಡೆದಿದೆ. ಇವತ್ತಾದರೂ ಕಳಿಸಲೇ?"

ಹರಿಪ್ರಿಯಾ ಹೋದದ್ದು ದೀಪಾವಳಿಯ ಮರುವಾರ. ಜಯಂತಿಯಮ್ಮ ಫೋನು ಇಟ್ಟುಬಿಟ್ಟರು.

ಅಂದಿನಿಂದ ಅವರಿಗೆ ಊಟ ಸೇರಲಿಲ್ಲ. ಜಪಕ್ಕೆ ಕುಳಿತರೆ ಮಣಿ ತಪ್ಪುತ್ತಿತ್ತು. ಕರೆದವಳು ತಂಗಿಯೇ ಎಂದಾದರೆ ಸ್ಟೇಟ್‌ಮೆಂಟು ಬೇಡ ಎನ್ನುವುದು ಯಾಕೆ? ಹೋಗಲು ಮನಸ್ಸಿಲ್ಲವೇ ಅವಳಿಗೆ? ತಿರುಮಲೇಶನಿಗೆ ಹೇಳಿದರೆ ಅವನೂ ಕುಸಿದಾನೆಂದು ಹೇಳಲಿಲ್ಲ. ಸ್ಯಾನ್ ಹೊಸೆಗೆ ಹಿಂತಿರುಗದೆ, ಮಂಗಳವಾರ ಬರಲಿ ಎಂದು ಅಲ್ಲಿಯೇ ಉಳಿದರು.

ಮಂಗಳವಾರ ಬೆಳಗ್ಗೆ ತಿರುಮಲೇಶ ವಾಕಿಂಗಿಗೆ ಹೋಗಿದ್ದ. ಹರಿಪ್ರಿಯಾಳ ಮಗಳು ತನ್ವಿ ಆಗಲೇ ಕೆಲಸಕ್ಕೆ ಹೊರಟಾಗಿತ್ತು. ಕೊಲ್ಲಿಯಾಚೆಯ ಎಮರಿವಿಲ್‌ನ ಅನಿಮೇಷನ್ ಸ್ಟುಡಿಯೋದಲ್ಲಿ ಚಿತ್ರ ಬಿಡಿಸುವ ಹುಡುಗಿ, ಟ್ರಾಫಿಕ್ಕಿಗೆ ಹೆದರಿ ಬೇಗ ಹೊರಡುತ್ತಾಳೆ ಎಂದು ಮನೆಯಲ್ಲಿ ನಂಬಿಕೆ. ಜಯಂತಿಯಮ್ಮ ಒಬ್ಬರೇ ದೇವರ ಮುಂದೆ ಕುಳಿತು ವಿಷ್ಣುಸಹಸ್ರನಾಮ ಹೇಳುತ್ತಿದ್ದರು. ನಡುವೆ ಉಸಿರಿಗೆಂದು ನಿಲ್ಲಿಸಿದಾಗ ಕೇಳಿಸಿತು: ಗೋಡೆಯಾಚೆ ಹರಿಪ್ರಿಯಾ ಮಾತಾಡುತ್ತಿದ್ದಳು.

ಮಾತು ಇಂಗ್ಲಿಷಿನದು. ಕೊನೆಯಲ್ಲಿ ತುಸು ಎಳೆಯುವ ಅದೇ ರಾಗ. ನಾರಾಯಣ, ನಾರಾಯಣ ಎನ್ನುತ್ತ ಅವರು ಗೋಡೆ ಹಿಡಿದುಕೊಂಡು ಹೋಗಿ ಗರಾಜಿನ ಬಾಗಿಲು ತೆರೆದರು. ಕತ್ತಲಲ್ಲಿ ಹರಿಪ್ರಿಯಾಳ ಕಾರು ನಿಂತಿತ್ತು. ಗಾಜಿಗೆಲ್ಲ ಒಳಗಿನಿಂದ ಉಸಿರಿನ ಹಬೆ ಕಟ್ಟಿತ್ತು. ಚಾಲಕಿಯ ಸೀಟಿನಲ್ಲಿ ತಂಗಿಯ ನೀಲಿ ಶಾಲು ಹೊದ್ದ ಹೆಂಗಸು.

ಹೋಗಿ ಕಾರಿನ ಬಾಗಿಲು ಎಳೆದರು. ತನ್ವಿ ಕಿಟ್ಟನೆ ಕಿರುಚಿ ತಾಯಿಯ ಫೋನನ್ನು ಕೆಳಗೆ ಬೀಳಿಸಿದಳು.

"ದೊಡ್ಡಮ್ಮಾ! ಹೆದರಿಸ್ಬಿಟ್ರಿ!"

"ನಾನಾ? ನಾನು ಹೆದರಿಸಿದ್ದಾ ನಿನ್ನನ್ನು?" ಎನ್ನುತ್ತ ಜಯಂತಿಯಮ್ಮ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕುಳಿತರು.

ಹುಡುಗಿ ಅಳುತ್ತ ಹೇಳಿದಳು. ಮೊದಲ ಸಲ ಕರೆದದ್ದು ತಾಯಿ ಹೋದ ವಿಷಯ ತಿಳಿಸುವುದಕ್ಕೇ. "ಅವ್ರು ಗುಡ್ ಆಫ್ಟರ್‌ನೂನ್ ಹರಿಪ್ರಿಯಾ ಅಂದ್ರು, ದೊಡ್ಡಮ್ಮ. ಅಷ್ಟೇ. ಐ ಕುಡಂಟ್ ಸ್ಟಾಪ್. ಎಲ್ರೂ ಸಾರಿ ಸಾರಿ ಅಂತಾರೆ. ಅವರೊಬ್ರೇ ಅಮ್ಮ ಇರೋ ಥರ ಮಾತಾಡ್ತಾರೆ. ಆ ಸ್ಟೇಟ್‌ಮೆಂಟ್ ಬಂದ್ರೆ ಮುಗೀತಲ್ಲ? ಆಮೇಲೆ ಏನಂತ ಕಾಲ್ ಮಾಡ್ಲಿ?"

"ಆ ಯಂತ್ರ ನಿನ್ನನ್ನು ಒಪ್ಪಿತಾ?"

"ಇಲ್ಲ. ಪ್ರತಿ ಸಲ ಫೇಲ್. ಅಮ್ಮನ ಬರ್ತ್‌ಡೇ, ಅಡ್ರೆಸ್ಸು ಎಲ್ಲಾ ಕೇಳಿ ಆಮೇಲೆ ಒಳಗೆ ಬಿಡ್ತಾರೆ."

"ನನ್ನನ್ನು ಒಪ್ಪಿತು," ಎಂದುಬಿಟ್ಟರು ಜಯಂತಿಯಮ್ಮ.

ತನ್ವಿ ಅಳು ನಿಲ್ಲಿಸಿ ಅವರ ಮುಖವನ್ನೇ ನೋಡಿದಳು. ಆ ನೋಟದಲ್ಲಿನ ಹಸಿವು ಕಂಡು ಅವರಿಗೆ ಭಯವಾಯಿತು. "ಪ್ಲೀಸ್, ದೊಡ್ಡಮ್ಮ. ಒಂದೇ ಸಲ. ಅಮ್ಮನ ಥರ ನನ್ನ ಕರೀರಿ."

ಬೇಡ, ಅದು ತಪ್ಪು ಎಂದು ಅವರಿಗೆ ಗೊತ್ತಿತ್ತು. ಆದರೆ ಮಗು ಕೈ ಹಿಡಿದುಕೊಂಡಿತ್ತು. ತನ್ವೀ, ಏಳು ಪುಟ್ಟಾ ಎಂದು ತಂಗಿ ಬೆಳಗ್ಗೆ ಕರೆಯುತ್ತಿದ್ದ ಹಾಗೆ ಕರೆದರಾಯಿತು ಎಂದುಕೊಂಡು ಕಣ್ಣು ಮುಚ್ಚಿದರು. ಗಂಟಲೊಳಗೆ ತಣ್ಣಗೆ ಏನೋ ಹರಿದಂತಾಯಿತು. ಬಾಯಿ ತಾನಾಗಿ ತೆರೆಯಿತು.

"ಚುಕ್ಕೀ. ಸಾಕು ಮಗಾ. ನನಗೆ ಹೊತ್ತಾಯಿತು."

ತನ್ವಿ ಹಿಡಿದ ಕೈ ಬಿಟ್ಟು ಪಿಸುಗುಟ್ಟಿದಳು. "ಆ ಹೆಸರು ನಿಮಗೆ ಯಾರು ಹೇಳಿದ್ರು?"

"ಯಾವ ಹೆಸರು?"

"ಚುಕ್ಕಿ. ಚಿಕ್ಕವಳಿದ್ದಾಗ, ಲೈಟ್ ಆಫ್ ಮಾಡಿದ ಮೇಲೆ ಅಮ್ಮ ಹೇಳ್ತಿದ್ದದ್ದು. ಅಪ್ಪಂಗೂ ಗೊತ್ತಿಲ್ಲ."

ಜಯಂತಿಯಮ್ಮನಿಗೆ ಯಾರೂ ಹೇಳಿರಲಿಲ್ಲ. ಅವರು ಕೆಮ್ಮಿದರು, ತಮ್ಮ ದನಿ ಒರಟಾಗಿ ಮರಳಿತು. ಹೊಸ್ತಿಲಲ್ಲಿ ನಿಂತವಳ ಸೆರಗು ಹಿಡಿದೆಳೆಯುತ್ತಿದ್ದವರು ಯಾರೆಂದು ಆಗ ಅವರಿಗೆ ತಿಳಿಯಿತು. ಹರಕೆಯೊಂದೇ ಅಲ್ಲ. ಒಂದು ಮಾತು ಹೇಳಲಾರದೆ ಕುಳಿತ ಇಷ್ಟು ಜನ.

"ಫೋನು ಎತ್ತು ಮಗಾ. ಇನ್ನೊಮ್ಮೆ ಮಾಡುವ. ಇಬ್ಬರೂ ಕೂಡಿಯೇ."

ಯಂತ್ರ ತನ್ನ ವಾಕ್ಯವನ್ನು ಹೇಳಿ ಎಂದಿತು. ಇಬ್ಬರೂ ತುಟಿ ಬಿಗಿದು ಕುಳಿತರು. ಮತ್ತೆ ಕೇಳಿತು, ಬೇಡಿಕೊಳ್ಳುವ ಹಾಗಿತ್ತು ಅದರ ದನಿ. ತನ್ವಿ ದೊಡ್ಡಮ್ಮನ ಮುಂಗೈಯನ್ನು ಉಗುರು ನಾಟುವಂತೆ ಹಿಡಿದಳು. ಕೊನೆಗೆ ಗಂಡಸೊಬ್ಬ ಬಂದ. "ಹರಿಪ್ರಿಯಾ ಅವರೇ?"

"ಅಲ್ಲ. ನಾನು ಅವಳ ಅಕ್ಕ ಜಯಂತಿ. ನನ್ನ ತಂಗಿ ಹರಿಪ್ರಿಯಾ ತೀರಿಕೊಂಡಿದ್ದಾಳೆ."

ಹೇಳಿಯಾಯಿತು. ತನ್ವಿ ಬಗ್ಗಿ, ಇಷ್ಟು ದಿನ ಕರೆದದ್ದು ಮಗಳಾದ ನಾನು, ಕ್ಷಮಿಸಿ ಎಂದಳು. ಆತ ಬಹಳ ಮೆತ್ತಗೆ, ನಿಮ್ಮ ತಾಯಿಯ ವಿಷಯ ಕೇಳಿ ದುಃಖವಾಯಿತು ಎಂದ. ಮರಣ ಪತ್ರ ಕಳಿಸಿದರೆ ಸ್ಟೇಟ್‌ಮೆಂಟನ್ನು ಗಂಡನಿಗೆ ಕಳಿಸುವುದಾಗಿ ಹೇಳಿದ.

ಅದು ಬಂತು. ತಿರುಮಲೇಶ ನಾಲ್ಕು ವರ್ಷಗಳದ್ದನ್ನೂ ಸೇರಿಸಿ, ಹೆಂಡತಿಯ ಹೆಸರಿನ ಮುಂದೆ ತೀರಿಕೊಂಡವರು ಎಂದು ತನ್ನ ಕೈಯಿಂದಲೇ ಬರೆದು, ಗಡುವಿಗೆ ಮೊದಲೇ ಇಂಗ್ಲೆಂಡಿನ ತೆರಿಗೆ ಕಚೇರಿಗೆ ಕಳಿಸಿದ. ಹಣ ಬರಲು ತಿಂಗಳುಗಳು ಬೇಕು. ಬಂದಾಗ ಅನ್ನದಾನ ತಾನು ನಿಂತು ಮಾಡಿಸುತ್ತೇನೆಂದು ತನ್ವಿ ದೇವರ ಮುಂದೆ ಒಪ್ಪಿಕೊಂಡಳು. ಮುಂದಿನ ಮಂಗಳವಾರ ಅವಳು ತನ್ನ ಕಾರಿನಲ್ಲಿ, ಹೊತ್ತಿಗೆ ಸರಿಯಾಗಿ, ಕೆಲಸಕ್ಕೇ ಹೋದಳು.

ಅಂದು ಜಯಂತಿಯಮ್ಮ ದೀಪದ ಮುಂದೆ ಕುಳಿತು, ತಮ್ಮದೇ ದನಿಯಲ್ಲಿ ಬೇಡಿಕೊಂಡರು:

"ಕೃಷ್ಣಾ, ಅವಳು ಹೇಳಿಕೊಂಡದ್ದನ್ನು ನಾವು ಹೊತ್ತಿದ್ದೇವೆ, ಅವಳ ತಲೆಯಿಂದ ಇಳಿಸು. ತಿಳಿಯದೆ ಅವಳನ್ನು ಹಿಡಿದಿಟ್ಟೆವು, ಕ್ಷಮಿಸು. ಹಿಂದೆ ತಿರುಗಿ ನೋಡದ ಹಾಗೆ ಅವಳ ಕೈ ಹಿಡಿದು ಕರೆದುಕೊಂಡು ಹೋಗು. ನಿನ್ನ ಪಾದದಲ್ಲಿ ಅವಳ ಜೀವಕ್ಕೆ ಶಾಂತಿ ಸಿಗಲಿ."