ಹೊಸ್ತಿಲಲ್ಲಿ ನಿಂತ ಸೊಸೆ

ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಯಜಮಾನರಿಗೆ ಸಂಜೆ ಹೊತ್ತೇ ಹೋಗುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಹೆಂಡತಿಯ ಪಕ್ಕ ಕೂತು ಧಾರಾವಾಹಿ ನೋಡತೊಡಗಿದರು. ಅದರಲ್ಲಿ ಮನೆ ಬಿಟ್ಟು ಹೋಗಿದ್ದ ಸೊಸೆ ವಾಪಸು ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಸೋಮವಾರ ನಿಂತವಳು ಗುರುವಾರವಾದರೂ ಒಳಗೆ ಕಾಲಿಟ್ಟಿರಲಿಲ್ಲ. ಕ್ಯಾಮೆರಾ ಮಾತ್ರ ಅತ್ತೆಯ ಮುಖದಿಂದ ಮಾವನ ಮುಖಕ್ಕೆ, ಅಲ್ಲಿಂದ ನಾದಿನಿಯ ಮುಖಕ್ಕೆ ಓಡಾಡುತ್ತಲೇ ಇತ್ತು. ಜೊತೆಗೆ ಗುಡುಗು ಬೇರೆ.

ಸರ್ವಿಸಿನುದ್ದಕ್ಕೂ ಫುಟ್‌ಬೋರ್ಡಿನ ಮೇಲೆ ಒಬ್ಬರನ್ನೂ ನಿಲ್ಲಗೊಡದ ಮನುಷ್ಯನಿಗೆ ಶುಕ್ರವಾರ ತಡೆಯಲಾಗಲಿಲ್ಲ. ಸಿಟ್ಟು ನೆತ್ತಿಗೇರಿ ಎದ್ದು ನಿಂತು, ಡ್ಯೂಟಿಯ ಗಂಟಲಿನಲ್ಲೇ ಗದರಿದರು: "ಏನಮ್ಮಾ, ಬಾಗಿಲಲ್ಲಿ ನಿಲ್ಬೇಡಿ. ಒಳಗಡೆ ನಡೀರಿ, ಬೇಕಾದಷ್ಟು ಜಾಗ ಇದೆ."

ಸೀರಿಯಲ್ ನೋಡಲು ಬಂದು ಬಾಗಿಲಿಗೊರಗಿ ನಿಂತಿದ್ದ ಪಕ್ಕದ ಮನೆಯಾಕೆ ತಡಬಡಾಯಿಸಿ ಒಳಗೆ ಬಂದು, ಆಗಷ್ಟೇ ಖಾಲಿಯಾದ ಯಜಮಾನರ ಕುರ್ಚಿಯಲ್ಲಿ ಕೂತುಬಿಟ್ಟರು. ಟೀವಿಯ ಸೊಸೆ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

"ಇದನ್ನ ಹೇಗೆ ಸಹಿಸ್ಕೊಂಡು ಕೂತಿರ್ತೀಯೆ ನೀನು?" ಎಂದು ನಿಂತಲ್ಲಿಂದಲೇ ಹೆಂಡತಿಯನ್ನು ಕೇಳಿದರು.

ಆಕೆ ಟೀವಿಯಿಂದ ಕಣ್ಣು ಕೀಳಲಿಲ್ಲ. "ನಿಮ್ಮ ಬಸ್ಸು ಬರೋದನ್ನ ಕಾದೂ ಕಾದೂ ಅಭ್ಯಾಸ ಆಗಿದೆ. ಸುಮ್ನೆ ಕಿಟಕಿ ಕಂಬಿ ಹಿಡ್ಕೊಂಡು ನಿಂತ್ಕೊಳ್ಳಿ."